ಇದು ಪಾಪದ ಸಂಬಳವಲ್ಲ



ಹೋದ ತಿಂಗಳ ಕೂಟದಲ್ಲಿ ನಾವು ಒಂದು ಸಣ್ಣ ಸೂಚನೆಯನ್ನು ಮುಂದಿಟ್ಟೆವು. ಒಂದು ಭಾನುವಾರ ಪೂಜೆ ಮುಗಿದ ಮೇಲೆ, ದೇವಾಲಯದ ಪಕ್ಕದ ಹಾಲಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಕರೆಸಿ, 30 ವರ್ಷ ದಾಟಿದ ನಮ್ಮ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಮಾಡಿಸೋಣ ಎಂಬುದೇ ಆ ಸೂಚನೆ. ಹಿರಿಯರೊಬ್ಬರು ಎದ್ದು, "ಅದು ನಡತೆ ಕೆಟ್ಟವರಿಗೆ ಬರುವ ಕಾಯಿಲೆ. ಪಾಪದ ಸಂಬಳ. ದೇವರ ಮನೆಯ ಅಂಗಳದಲ್ಲಿ ಅದರ ಮಾತು ಬೇಡ" ಎಂದರು. ಗಂಡಸರು ತಲೆದೂಗಿದರು. ಹೆಂಗಸರು ಸೆರಗು ಎಳೆದುಕೊಂಡು ನೆಲ ನೋಡಿದರು. ಸೂಚನೆ ಬಿದ್ದುಹೋಯಿತು. ಹಿರಿಯರೆಂಬ ಮರ್ಯಾದೆಗೆ ನಾವೂ ಸುಮ್ಮನಾದೆವು. ಹಾಗೆ ಸುಮ್ಮನಾದದ್ದು ನಮ್ಮ ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕೇ ಈ ಬರಹ.

ಎರಡು ವರ್ಷದ ಹಿಂದೆ ಅದೇ ಹಾಲಿನ ಮುಂದಿನಿಂದ ಒಬ್ಬ ಸಹೋದರಿಯ ಶವಪೆಟ್ಟಿಗೆಯನ್ನು ನಾವು ಹೆಗಲ ಮೇಲೆ ಹೊತ್ತು ನಡೆದೆವು. 22 ವರ್ಷ ಎಲೆ ಕಿತ್ತ ಕೈ ಅದು. ಮೂರು ಮಕ್ಕಳ ತಾಯಿ. ಒಂದು ಭಾನುವಾರದ ಪೂಜೆಯನ್ನೂ ತಪ್ಪಿಸಿದವಳಲ್ಲ. ಎರಡು ವರ್ಷ ಬಿಳುಪು ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು. ತೋಟದ ಡಿಸ್ಪೆನ್ಸರಿಯಲ್ಲಿ ಪ್ರತಿ ಸಲವೂ ಮಾತ್ರೆ, ಟಾನಿಕ್ಕು. ಮುಟ್ಟು ನಿಂತ ಮೇಲೆಯೂ ರಕ್ತ ಕಂಡಾಗ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಕೊನೆಗೆ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಕೇಳಿದ್ದು ಒಂದೇ ಮಾತು: "ಇಷ್ಟು ದಿನ ಎಲ್ಲಿದ್ದಿರಿ?" ಎಲ್ಲಿದ್ದಳು? ತೋಟದಲ್ಲಿದ್ದಳು, ಲೈನಿನಲ್ಲಿದ್ದಳು, ನಮ್ಮ ಮಧ್ಯದಲ್ಲೇ ಇದ್ದಳು. ಆ ಸಹೋದರಿ ಯಾವ ಪಾಪಕ್ಕೆ ಈ ಸಂಬಳ ತೆಗೆದುಕೊಂಡಳು ಎಂದು ತಲೆದೂಗಿದವರನ್ನೆಲ್ಲ ನಾವು ಕೇಳುತ್ತೇವೆ.

ಮೊದಲು ಕಾಯಿಲೆ ಏನೆಂದು ತಿಳಿಯೋಣ. ಈ ಕ್ಯಾನ್ಸರಿಗೆ ಕಾರಣ ಎಚ್.ಪಿ.ವಿ. ಎಂಬ ವೈರಸ್. ಅದನ್ನು ತೋರಿಸಿಕೊಟ್ಟವರು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್. 2008ರಲ್ಲಿ ಅದಕ್ಕಾಗಿ ಅವರಿಗೆ ನೊಬೆಲ್ ಬಹುಮಾನ ಬಂತು. ಈ ವೈರಸ್ಸಿನಲ್ಲಿ ಹಲವು ಬಗೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡೇ ಬಗೆಗಳಿಂದ ನೂರಕ್ಕೆ ಸುಮಾರು 70 ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರುತ್ತದೆ. ಗಂಡು ಹೆಣ್ಣಿನ ದೇಹಸಂಪರ್ಕದಿಂದ ಇದು ಹರಡುತ್ತದೆ ಎಂಬುದು ನಿಜ, ಮುಚ್ಚಿಡಬೇಕಾಗಿಲ್ಲ. ಆದರೆ ಮದುವೆಯಾದ ಹೆಚ್ಚುಕಡಿಮೆ ಎಲ್ಲ ಗಂಡಸರಿಗೂ ಹೆಂಗಸರಿಗೂ ಬಾಳಿನಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ ಎಂಬುದೂ ಅಷ್ಟೇ ನಿಜ. ನೆಗಡಿಯಂತೆ ಬಂದು, ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಉಳಿದು, 10, 15, 20 ವರ್ಷ ಒಳಗೊಳಗೇ ಕೆಲಸ ಮಾಡಿ ಕ್ಯಾನ್ಸರ್ ಆಗುತ್ತದೆ. ಗಂಡನನ್ನು ಬಿಟ್ಟು ಬೇರೆ ಗಂಡಸಿನ ಮುಖ ನೋಡದವಳಿಗೂ ಬರುತ್ತದೆ. ತಂದವನು ಗಂಡ, ಸಾಯುವವಳು ಹೆಂಡತಿ, ಅಪವಾದವೂ ಅವಳಿಗೇ! ನಡತೆಯ ಮಾತೆತ್ತುವ ಗಂಡಸರು ಮೊದಲು ಕನ್ನಡಿಯ ಮುಂದೆ ನಿಲ್ಲಲಿ.

ವೈರಸ್ಸಿನಿಂದ ಬರುವ ಕ್ಯಾನ್ಸರ್ ಇದೊಂದೇ ಅಲ್ಲ. 1958ರಲ್ಲಿ ಆಫ್ರಿಕದ ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಡೆನಿಸ್ ಬರ್ಕಿಟ್ ಎಂಬ ಐರಿಷ್ ಡಾಕ್ಟರು, ಸಣ್ಣ ಮಕ್ಕಳ ದವಡೆಯಲ್ಲಿ ಏಳುವ ಒಂದು ಗಡ್ಡೆಯ ಬಗ್ಗೆ ಬರೆದರು. ಮಲೇರಿಯ ಹೆಚ್ಚಿರುವ ನಾಡಿನಲ್ಲೇ ಆ ಗಡ್ಡೆಯೂ ಹೆಚ್ಚು. ಅದರ ಹಿಂದಿದ್ದ ವೈರಸ್ 1964ರಲ್ಲಿ ಪತ್ತೆಯಾಯಿತು. ಅದೇ ವೈರಸ್ ಚೀನಾ ದೇಶದ ದಕ್ಷಿಣ ಭಾಗದಲ್ಲಿ ಮೂಗಿನ ಹಿಂಬದಿಯ ಕ್ಯಾನ್ಸರಿಗೆ ಜೊತೆಗೂಡುತ್ತದೆ. ನಮ್ಮ ದೇಶದಲ್ಲಿ ನಾಗಾಲ್ಯಾಂಡಿನ ಕಡೆ ಆ ಕ್ಯಾನ್ಸರ್ ಹೆಚ್ಚು, ದಕ್ಷಿಣದಲ್ಲಿ ಅಪರೂಪ. ಜಪಾನಿನ ಕ್ಯೂಷೂ ದ್ವೀಪದ ಕಡೆ ಇನ್ನೊಂದು ವೈರಸ್ ತಾಯಿಯ ಹಾಲಿನ ಮೂಲಕ ಕೂಸಿಗೆ ದಾಟಿ, ಎಷ್ಟೋ ವರ್ಷದ ಮೇಲೆ ರಕ್ತದ ಕ್ಯಾನ್ಸರ್ ತರುತ್ತದೆ. ಉಗಾಂಡದ ಐದು ವರ್ಷದ ಮಗು ಮಾಡಿದ ಪಾಪ ಏನು? ತಾಯಿಯ ಹಾಲು ಕುಡಿದದ್ದು ಪಾಪವೇ? ಹುಟ್ಟು ಕುರುಡನನ್ನು ತೋರಿಸಿ, ಪಾಪ ಮಾಡಿದವರು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಇಬ್ಬರ ಮೇಲೂ ಪಾಪ ಹೊರಿಸಲಿಲ್ಲ, ಕಣ್ಣು ಕೊಟ್ಟರು. ನಾವು ಮಾತ್ರ ಇನ್ನೂ ಶಿಷ್ಯರ ಪ್ರಶ್ನೆಯಲ್ಲೇ ನಿಂತಿದ್ದೇವೆ.

ಈಗ ಊರೂರಿನ ಲೆಕ್ಕ ನೋಡೋಣ. 2022ನೆಯ ಇಸವಿಯಲ್ಲಿ ಲೋಕದಲ್ಲೆಲ್ಲ ಸುಮಾರು 6 ಲಕ್ಷ 60 ಸಾವಿರ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಂತು. ಸುಮಾರು 3 ಲಕ್ಷ 50 ಸಾವಿರ ಮಂದಿ ಸತ್ತರು. ಸತ್ತವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಬಡ ಮತ್ತು ಮಧ್ಯಮ ವರಮಾನದ ದೇಶಗಳವರು. ನಮ್ಮ ಭಾರತದಲ್ಲೇ ಆ ವರ್ಷ ಸುಮಾರು 1 ಲಕ್ಷ 27 ಸಾವಿರ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ಆಫ್ರಿಕದ ಎಸ್ವಾಟಿನಿ ದೇಶದಲ್ಲಿ ಈ ರೋಗದ ಪ್ರಮಾಣ ಆಸ್ಟ್ರೇಲಿಯದ 10 ಪಟ್ಟಿಗೂ ಹೆಚ್ಚು. ಹಾಗಾದರೆ ಆಸ್ಟ್ರೇಲಿಯದವರು 10 ಪಟ್ಟು ಪುಣ್ಯವಂತರೇ? ನಮ್ಮ ದೇಶದ ಒಳಗೇ ನೋಡಿ. 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ವರದಿಯ ಪ್ರಕಾರ ಅರುಣಾಚಲದ ಪಾಪುಂಪಾರೆ ಜಿಲ್ಲೆಯಲ್ಲಿ ಒಂದು ಲಕ್ಷ ಹೆಂಗಸರಿಗೆ ವರ್ಷಕ್ಕೆ ಸುಮಾರು 27 ಮಂದಿಗೆ ಈ ರೋಗ. ಪಕ್ಕದ ಅಸ್ಸಾಮಿನ ದಿಬ್ರುಗಢದಲ್ಲಿ 5ಕ್ಕಿಂತ ಕಡಿಮೆ. ಎರಡೂ ಈಶಾನ್ಯದ ಜಿಲ್ಲೆಗಳೇ. ಪಾಪವೇನು ಗಡಿ ಕಲ್ಲು ನೋಡಿಕೊಂಡು ನಿಲ್ಲುತ್ತದೆಯೇ?

ಮದ್ರಾಸಿನ ಕಥೆಯನ್ನೂ ಕೇಳಿ. 1980ರ ದಶಕದ ಮೊದಲಲ್ಲಿ ಅಲ್ಲಿ ಲೆಕ್ಕ ಇಡುವುದು ಶುರುವಾದಾಗ ಲಕ್ಷಕ್ಕೆ ಸುಮಾರು 40 ಹೆಂಗಸರಿಗೆ ಈ ರೋಗ ಇತ್ತು. ಈಗ ಅದು ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ. ಬೆಂಗಳೂರು, ಮುಂಬಯಿಗಳಲ್ಲೂ ಇಳಿದಿದೆ. ಅಷ್ಟು ಇಳಿದದ್ದು ಲಸಿಕೆಯಿಂದಲ್ಲ, ಲಸಿಕೆ ಆಗ ಇರಲೇ ಇಲ್ಲ. ಹೆಣ್ಣುಮಕ್ಕಳ ಮದುವೆ ತಡವಾಯಿತು, ಹೆರಿಗೆಗಳು ಕಡಿಮೆಯಾದವು, ಶಾಲೆ ಓದು ಹೆಚ್ಚಿತು, ನೀರು ಶೌಚದ ಅನುಕೂಲ ಬಂತು, ಅದರಿಂದ ಇಳಿಯಿತು ಎಂದು ತಿಳಿದವರು ಹೇಳುತ್ತಾರೆ. ಎಸ್ಟೇಟಿನವರು ಇದನ್ನು ಚೆನ್ನಾಗಿ ಗಮನಿಸಬೇಕು. ಸಂಘದವರು ಲೈನುಗಳಿಗೆ ಕಕ್ಕಸು ಬೇಕು, ನೀರಿನ ಪೈಪು ಬೇಕು, ಹೆಣ್ಣುಮಕ್ಕಳಿಗೆ ಹೈಸ್ಕೂಲಿಗೆ ಬಸ್ಸು ಬೇಕು ಎಂದು ಕೂಗಿದಾಗ ಅದು ಬರೀ ಸೌಕರ್ಯದ ಕೂಗಲ್ಲ, ಜೀವದ ಕೂಗು. 16, 17ಕ್ಕೆ ಮಗಳ ಮದುವೆ ಮಾಡಿ ಕೈ ತೊಳೆದುಕೊಳ್ಳುವ ಅಪ್ಪಂದಿರೂ ಇದನ್ನು ಕೇಳಿಸಿಕೊಳ್ಳಲಿ.

ಇನ್ನು ನಮ್ಮ ಕನ್ನಡಿಗರ ಗಡಿನಾಡಿಗೆ ಬರೋಣ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಹಳ್ಳಿಗಳ ಕ್ಯಾನ್ಸರ್ ಲೆಕ್ಕ ಇಡುವ ಕಚೇರಿ ಶುರುವಾಯಿತು. ದೇಶದಲ್ಲಿ ಹಳ್ಳಿಗಾಡಿಗೆ ಅದೇ ಮೊದಲು. ಅಲ್ಲಿನ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಈ ಕ್ಯಾನ್ಸರೇ. ಆಮೇಲೆ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಅದರ ಹೆಸರು ಧಾರಾಶಿವ, 1 ಲಕ್ಷ 31 ಸಾವಿರ ಹಳ್ಳಿ ಹೆಂಗಸರನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗ ನಡೆಯಿತು. ಅದರ ಫಲ 2009ರಲ್ಲಿ ಪ್ರಕಟವಾಯಿತು. ಬಾಳಿನಲ್ಲಿ ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ನರ್ಸುಗಳೇ ಇನ್ನೊಂದು ಸುಲಭದ ಪರೀಕ್ಷೆ ಮಾಡಿದರು. ತೆಳು ವಿನೆಗರನ್ನು ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಒತ್ತಿದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಅಲ್ಲಿಯೇ ಶೀತ ಚಿಕಿತ್ಸೆ ಕೊಡಬಹುದು. ಆ ಪರೀಕ್ಷೆಯಾದ ಹಳ್ಳಿಗಳಲ್ಲಿ ಸಾವು ನೂರಕ್ಕೆ 35ರಷ್ಟು ಕಡಿಮೆಯಾಯಿತೆಂದು 2007ರಲ್ಲಿ ತಿಳಿಯಿತು.

ಸಹೋದರರೇ, ಈ ಜ್ಞಾನ ಹುಟ್ಟಿದ್ದು ಯಾರ ಮೈಯಿಂದ? ಹೊಲಗದ್ದೆಯಲ್ಲಿ ಕೂಲಿ ಮಾಡುವ ಹೆಂಗಸರ ಮೈಯಿಂದ. ಉಸ್ಮಾನಾಬಾದಿನಲ್ಲಿ ಪರೀಕ್ಷೆ ಮಾಡದೆ ಹೋಲಿಕೆಗಾಗಿ ಬಿಟ್ಟ ಗುಂಪಿನಲ್ಲಿ 30 ಸಾವಿರಕ್ಕೂ ಹೆಚ್ಚು ಹೆಂಗಸರಿದ್ದರು. ಅದು ನ್ಯಾಯವೇ ಎಂದು ಡಾಕ್ಟರುಗಳಲ್ಲೇ ಜಗಳವಾಗಿದೆ. ಅದು ಹಾಗಿರಲಿ. ಅವರು ಕೊಟ್ಟ ಸಾಕ್ಷಿಯಿಂದ ಲೋಕಕ್ಕೆಲ್ಲ ದಾರಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಚ್.ಪಿ.ವಿ. ಪರೀಕ್ಷೆಯೇ ಮೊದಲಾಗಲಿ ಎಂದು ಹೇಳಿತು. ಆದರೆ ಕೊಟ್ಟವರ ಮನೆಗೆ ಅದು ಎಷ್ಟು ತಿರುಗಿ ಬಂತು? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆಯಾದವರು ನೂರಕ್ಕೆ ಇಬ್ಬರೂ ಇಲ್ಲ. ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು 10. ಅದನ್ನೇ ನಾವು ದೊಡ್ಡದೆನ್ನಬೇಕಾಗಿದೆ. ಟೀ ಎಲೆ ಕೀಳುವವರು ನಾವು, ಒಳ್ಳೆಯ ಟೀ ಕುಡಿಯುವವರು ಬೇರೆಯವರು. ಇದೂ ಹಾಗೆಯೇ ಆಯಿತು.

30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರದ ಸೂಚನೆ 2016ರಲ್ಲೇ ಹೊರಟಿದೆ. ಕಾಗದದಲ್ಲಿ ಹಕ್ಕು ಇದೆ. ಹಾಗಿದ್ದೂ ನಮ್ಮವರಿಗೆ ಏಕೆ ಆಗಲಿಲ್ಲ? ಆರೋಗ್ಯ ಕೇಂದ್ರಕ್ಕೆ ಹೋದರೆ ಅರ್ಧ ದಿನವಲ್ಲ, ಇಡೀ ದಿನದ ಹಾಜರಿ ಹೋಗುತ್ತದೆ. ಬಸ್ಸಿನ ಖರ್ಚು ಬೇರೆ. ನೀಲಗಿರಿಯಲ್ಲಿ ಬೋರ್ಡು ತಮಿಳಿನಲ್ಲಿ, ವಯನಾಡಿನಲ್ಲಿ ಮಲಯಾಳದಲ್ಲಿ. ನಮ್ಮ ವಯಸ್ಸಾದ ಹೆಂಗಸರು ಓದುವುದಿದ್ದರೆ ಕನ್ನಡ, ಇಲ್ಲದಿದ್ದರೆ ಏನೂ ಇಲ್ಲ. ಇವೆಲ್ಲದರ ಮೇಲೆ ನಮ್ಮ ಹಿರಿಯರ "ಪಾಪದ ಸಂಬಳ". ಆಡಳಿತದವರು ಹಾಕಿದ ಬೇಲಿಗೆ ನಾವೇ ಮುಳ್ಳು ಸೇರಿಸಿದಂತಾಯಿತು.

ಸಂಘದವರಾದ ನಾವೂ ತಪ್ಪಿತಸ್ಥರೇ. ತೋಟದಲ್ಲಿ ಎಲೆ ಕೀಳುವವರು ಬಹುಪಾಲು ಹೆಂಗಸರು, ಕಮಿಟಿಯಲ್ಲಿ ಕೂರುವವರು ಬಹುಪಾಲು ಗಂಡಸರು. ಬೋನಸ್ಸಿಗೆ ಗೇಟು ಮುಚ್ಚಿದ್ದೇವೆ, ಸೋರುವ ಸೂರಿಗೆ ಧರಣಿ ಕೂತಿದ್ದೇವೆ. ಹೆಂಗಸರ ಪರೀಕ್ಷೆಗೆ ಒಂದು ದಿನದ ಸಂಬಳ ಸಹಿತ ರಜೆ ಎಂಬ ಬೇಡಿಕೆಯನ್ನು ನಮ್ಮ ಯಾವ ಮನವಿಯಲ್ಲಿ ಬರೆದಿದ್ದೆವು? 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ವೈದ್ಯ ಸೌಕರ್ಯದ ಹೊಣೆ ಮಾಲೀಕರ ಮೇಲೆ ಇತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಸರ್ಕಾರವೇ ಆಗ ಸಾರಿತು. ಆ ತಪಾಸಣೆ ಎಂದರೆ ತೂಕ ನೋಡಿ, ಬಿ.ಪಿ. ನೋಡಿ, ರುಜು ಹಾಕಿಸಿಕೊಂಡು ಕಳಿಸುವುದೇ? ಅದರೊಳಗೆ ಈ ಪರೀಕ್ಷೆಯನ್ನೂ ಸೇರಿಸಿರಿ ಎಂದು ಕೇಳುವ ಬಾಯಿ ನಮಗಿರಬೇಕು.

ಇನ್ನು ಲಸಿಕೆಯ ಮಾತು. "ಹೆಣ್ಣುಮಕ್ಕಳಿಗೆ ಆ ಸೂಜಿ ಹಾಕಿಸಿದರೆ ಮಕ್ಕಳಾಗುವುದಿಲ್ಲ" ಎಂದು ಲೈನುಗಳಲ್ಲಿ ಮಾತು ಓಡಾಡುತ್ತಿದೆ. ಇದು ಸುಳ್ಳು. ಆದರೆ ಭಯ ಎಲ್ಲಿಂದ ಬಂತೆಂದು ಕೇಳದೆ ಬಡವರನ್ನು ಬೈಯುವುದು ನ್ಯಾಯವಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿದರು. ಅವರಲ್ಲಿ ಅನೇಕರು ಹಾಸ್ಟೆಲಿನ ಬಡ ಮಕ್ಕಳು, ಗಿರಿಜನರ ಮಕ್ಕಳು. ತಂದೆತಾಯಿಯರನ್ನು ಕೇಳದೆ, ಎಷ್ಟೋ ಫಾರಂಗಳಿಗೆ ವಾರ್ಡನರೂ ಹೆಡ್ಮಾಸ್ಟರೂ ರುಜು ಹಾಕಿದ್ದರು. ಏಳು ಹುಡುಗಿಯರು ಸತ್ತ ಸುದ್ದಿ ಬಂದು 2010ರ ಏಪ್ರಿಲಿನಲ್ಲಿ ಕೆಲಸ ನಿಂತಿತು. ಸಾವಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಪಾರ್ಲಿಮೆಂಟಿನ ಸಮಿತಿ ಕಟುವಾಗಿ ಖಂಡಿಸಿತು. ನಾವೂ ಖಂಡಿಸುತ್ತೇವೆ. ಬಡವರ ಮಗುವಿಗೂ ಹೇಳಿ, ಕೇಳಿ, ಒಪ್ಪಿಸಿಯೇ ಸೂಜಿ ಹಾಕಬೇಕು. ಆದರೆ ಅಧಿಕಾರಿಗಳ ತಪ್ಪಿಗೆ ಲಸಿಕೆಯನ್ನೇ ಎಸೆದರೆ, ಬಾವಿ ತೋಡಿದ ಕಂಟ್ರಾಕ್ಟರು ಕಳ್ಳನೆಂದು ನೀರು ಕುಡಿಯುವುದನ್ನೇ ಬಿಟ್ಟಂತೆ.

ಲಸಿಕೆ ಹಾಕಿದ ದೇಶಗಳಲ್ಲಿ ಏನಾಯಿತು? ಆಸ್ಟ್ರೇಲಿಯ 2007ರಲ್ಲಿ ಶುರುಮಾಡಿತು. 2035ರ ಹೊತ್ತಿಗೆ ಈ ರೋಗವನ್ನು ಲಕ್ಷಕ್ಕೆ 4ಕ್ಕಿಂತ ಕೆಳಗೆ ಇಳಿಸುವ ದಾರಿಯಲ್ಲಿದೆ. ಸ್ಕಾಟ್ಲೆಂಡಿನಲ್ಲಿ 12, 13ನೆಯ ವಯಸ್ಸಿನಲ್ಲಿ ಲಸಿಕೆ ಹಾಕಿಸಿಕೊಂಡ ಹುಡುಗಿಯರಲ್ಲಿ ಈ ಕ್ಯಾನ್ಸರ್ ಒಬ್ಬರಲ್ಲೂ ಕಂಡಿಲ್ಲವೆಂದು 2024ರಲ್ಲಿ ಹೊರಬಂದ ಲೆಕ್ಕ ಹೇಳಿತು. ಅವು ಹಣವಂತ ದೇಶಗಳು ಎನ್ನುವಿರೋ? ಭೂತಾನ್ 2010ರಲ್ಲೇ ಶುರುಮಾಡಿತು. ಅಂತರ್ಯುದ್ಧದಲ್ಲಿ ಬೆಂದುಹೋಗಿದ್ದ ರುವಾಂಡ 2011ರಲ್ಲಿ ಶುರುಮಾಡಿ ನೂರಕ್ಕೆ 90ಕ್ಕೂ ಹೆಚ್ಚು ಹುಡುಗಿಯರಿಗೆ ಹಾಕಿತು. ನಮ್ಮ ಸಿಕ್ಕಿಂ 2018ರಲ್ಲಿ ಶಾಲೆಗಳಲ್ಲೇ ಹಾಕಿಸಿತು. ಪುಣೆಯಲ್ಲಿ ತಯಾರಾದ ನಮ್ಮದೇ ಲಸಿಕೆ 2023ರಲ್ಲಿ ಪೇಟೆಗೆ ಬಂತು. ತಮಿಳುನಾಡು ಸರ್ಕಾರ 2025ರ ಬಜೆಟ್ಟಿನಲ್ಲಿ 14 ವರ್ಷದ ಹುಡುಗಿಯರಿಗೆ ಹಂತಹಂತವಾಗಿ ಹಾಕಿಸುವುದಾಗಿ ಹೇಳಿ 36 ಕೋಟಿ ರೂಪಾಯಿ ಇಟ್ಟಿತು. ಆ ಹಣ ಬೆಟ್ಟ ಹತ್ತಿ ನಮ್ಮ ಎಸ್ಟೇಟು ಶಾಲೆಯ ಹುಡುಗಿಯರನ್ನು ಮುಟ್ಟುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಲಿವರಿನ ಕ್ಯಾನ್ಸರಿನಲ್ಲೂ ಇದೇ ಪಾಠ. ಹೆಪಟೈಟಿಸ್ ಬಿ ವೈರಸ್ ತಾಯಿಯಿಂದ ಕೂಸಿಗೆ ಬಂದರೆ ಮುಂದೆ ಲಿವರ್ ಕ್ಯಾನ್ಸರ್ ಆಗಬಹುದು. ತೈವಾನಿನಲ್ಲಿ 1984ರಿಂದ ಹುಟ್ಟಿದ ಕೂಸುಗಳಿಗೆ ಲಸಿಕೆ ಹಾಕಿದರು. ಹತ್ತು ವರ್ಷದೊಳಗೆ ಮಕ್ಕಳ ಲಿವರ್ ಕ್ಯಾನ್ಸರ್ ಅರ್ಧಕ್ಕೆ ಇಳಿಯಿತು. ನಮ್ಮಲ್ಲೂ ಈ ಲಸಿಕೆ ಉಚಿತ. ಹುಟ್ಟಿದ 24 ಗಂಟೆಯ ಒಳಗೆ ಮೊದಲ ಸೂಜಿ ಬೀಳಬೇಕು. ಲೈನಿನಲ್ಲೇ ಹೆರಿಗೆಯಾದರೆ ಅದು ತಪ್ಪಿಹೋಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕ್ಯಾನ್ಸರ್ ಬರುತ್ತದೆಂದು ಹೆದರಿಸಿ ಗರ್ಭಕೋಶವನ್ನೇ ತೆಗೆಸಿಬಿಡುವ ಜನವೂ ಇದ್ದಾರೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರನ್ನು 2019ರಲ್ಲಿ ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಬಿಳುಪು ಹೋಗುವುದೆಲ್ಲ ಕ್ಯಾನ್ಸರಲ್ಲ. ಪರೀಕ್ಷೆಯಿಲ್ಲದೆ ಕತ್ತರಿ ಬೇಡ. ಪರೀಕ್ಷೆ ಇದ್ದರೆ ಕತ್ತರಿಯಿಂದಲೂ ಉಳಿಯಬಹುದು, ಕಾಯಿಲೆಯಿಂದಲೂ ಉಳಿಯಬಹುದು.

ಸಹೋದರಿಯರೇ, ಇದನ್ನು ನಿಮಗೆ ನೇರವಾಗಿ ಹೇಳುತ್ತೇವೆ. ಮುಟ್ಟಿನ ದಿನಗಳ ನಡುವೆ ರಕ್ತ, ಗಂಡನ ಸಂಗಡ ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ವಾಸನೆಯ ಬಿಳುಪು, ಬಿಡದ ಸೊಂಟನೋವು, ಇವುಗಳಲ್ಲಿ ಯಾವುದಾದರೂ ಕಂಡರೆ ಟಾನಿಕ್ಕಿಗೆ ತೃಪ್ತರಾಗಬೇಡಿ. ಒಳಗೆ ನೋಡಿ ಎಂದು ಕೇಳಿ. ಏನೂ ಕಾಣದಿದ್ದರೂ 30 ದಾಟಿದ ಮೇಲೆ ಪರೀಕ್ಷೆ ಮಾಡಿಸಿ. ಲಸಿಕೆ ಮಗಳಿಗೆ, ಪರೀಕ್ಷೆ ತಾಯಿಗೆ. ಒಂದಿದ್ದರೆ ಇನ್ನೊಂದು ಬೇಡವೆಂದಲ್ಲ. ಲಸಿಕೆ ಹಾಕಿಸಿಕೊಂಡ ಮಗಳಿಗೂ 30 ದಾಟಿದ ಮೇಲೆ ಪರೀಕ್ಷೆ ಬೇಕು.

ಆದಕಾರಣ ನಮ್ಮ ಬೇಡಿಕೆಗಳು ಇವು:

1. 30 ದಾಟಿದ ಪ್ರತಿಯೊಬ್ಬ ಕೆಲಸಗಾರ್ತಿಗೆ ಈ ಪರೀಕ್ಷೆಗಾಗಿ ಸಂಬಳ ಸಹಿತ ಒಂದು ದಿನ ರಜೆ ಮತ್ತು ಹೋಗಿ ಬರಲು ತೋಟದ ಗಾಡಿ.
2. ವರ್ಷದ ತಪಾಸಣೆಯಲ್ಲಿ ಈ ಪರೀಕ್ಷೆ ಸೇರಬೇಕು. ಮಾಡುವವರು ಹೆಂಗಸರೇ ಆಗಿರಬೇಕು.
3. ಎಸ್ಟೇಟು ಶಾಲೆಗಳ ಹುಡುಗಿಯರಿಗೆ ಲಸಿಕೆ ಉಚಿತವಾಗಿ, ತಂದೆತಾಯಿಗೆ ತಿಳಿಸಿ, ಒಪ್ಪಿಗೆ ಪಡೆದು ಹಾಕಬೇಕು.
4. ಕನ್ನಡದವರಿರುವ ಕಡೆ ತಿಳಿವಳಿಕೆಯ ಕಾಗದ ಕನ್ನಡದಲ್ಲೂ ಬರಬೇಕು.
5. ನಮ್ಮ ಕೂಟದ ಹಾಲು ಈ ಕೆಲಸಕ್ಕೆ ತೆರೆದಿರಬೇಕು.

ಕೊನೆಯ ಬೇಡಿಕೆ ದೊರೆಗಳಿಗಲ್ಲ, ನಮ್ಮವರಿಗೇ. ಹಿರಿಯರು ದೇವರ ಮನೆಯ ಮಾತೆತ್ತಿದ್ದರಿಂದ ದೇವರ ಮನೆಯ ಮಾತಿನಲ್ಲೇ ಮುಗಿಸುತ್ತೇವೆ. ಸಂತ ಮಾರ್ಕನ ಐದನೆಯ ಅಧ್ಯಾಯವನ್ನು ತೆಗೆದು ನೋಡಿ. ಹನ್ನೆರಡು ವರ್ಷ ರಕ್ತ ಹೋಗುತ್ತಿದ್ದ ಹೆಂಗಸು, ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದು ಸೋತವಳು, ನಾಚಿಕೆಯಿಂದ ಗುಂಪಿನ ಹಿಂದಿನಿಂದ ಬಂದು ಸ್ವಾಮಿಯ ಬಟ್ಟೆ ಮುಟ್ಟಿದಳು. ಸ್ವಾಮಿ ಅವಳ ನಡತೆ ವಿಚಾರಿಸಲಿಲ್ಲ. ನನ್ನ ಮುಂದೆ ಈ ಮಾತು ಬೇಡ ಎನ್ನಲಿಲ್ಲ. ಎಲ್ಲರ ಎದುರಿಗೆ ಅವಳನ್ನು ಮಗಳೇ ಎಂದು ಕರೆದರು. ಅವಳ ಕಾಯಿಲೆಯ ಮಾತು ಅಂದು ನಡುಬೀದಿಯಲ್ಲೇ ಆಯಿತು.

ಮುಂದಿನ ಕೂಟದಲ್ಲಿ ಈ ಸೂಚನೆಯನ್ನು ನಾವು ಮತ್ತೆ ಮುಂದಿಡುತ್ತೇವೆ. ಈ ಸಲ ಹೆಂಗಸರೂ ಕೈ ಎತ್ತಲಿ.